ಕನಸಿನ ಹೊಸ್ತಿಲಿನ ಭಯ: ಒಂದು ಚಾರಿತ್ರಿಕ ಅವಲೋಕನ

ಡೊಂಬಿವಲಿ, ಕಲ್ಯಾಣಗಳಿಂದ ನಸುಕಿನ ಲೋಕಲ್ ಹಿಡಿಯುವ ನಮ್ಮಂಥವರಿಗೆ ನಿದ್ದೆಯೆಂಬುದು ಕಂತುಕಂತಾಗಿ ದೊರೆಯುವ ವಸ್ತು. ಐರೋಲಿಯಲ್ಲಿ ರಾತ್ರಿಪಾಳಿ ಮಾಡುವ ನಮ್ಮ ಬಳಗದ ಕಿರಿಯ ಗೆಳೆಯನಿಗಂತೂ ಆ ಕಂತೂ ಹಗಲಿನಲ್ಲಿಯೇ. ಕಳೆದ ವರ್ಷ ಅವನು, ಇದು ಕನಸೆಂದು ಅರಿತೇ ಕನಸು ಕಾಣುವ ವಿದ್ಯೆಯನ್ನು, ಅಂದರೆ 'ಲೂಸಿಡ್ ಡ್ರೀಮಿಂಗ್' ಎಂದು ಈಗ ಪ್ರಸಿದ್ಧವಾಗಿರುವುದನ್ನು ಕಲಿಯಲು ಹೊರಟ. ಪಾಳಿ ಮುಗಿಸಿ ಬಂದು ಮಲಗಿದ ಒಂದು ಬೆಳಿಗ್ಗೆ ಎಚ್ಚರವಾಯಿತು. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಆದರೆ ಕೈಕಾಲು ಆಡುತ್ತಿಲ್ಲ. ಎದೆಯ ಮೇಲೆ ಯಾರೋ ಕುಳಿತ ಭಾರ, ಬಾಗಿಲ ಬಳಿ ಒಂದು ನೆರಳು. ಅಂದಿನಿಂದ ಅವನು ಒಂಟಿಯಾಗಿ ಮಲಗಲು ಹೆದರಿದ. ತಾಯಿ ಊರಿನಿಂದ ತಾಯಿತ ತರಿಸಿ ಕಟ್ಟಿದರು. ಬಳಗದ ಸಂಜೆಯ ಕೂಟದಲ್ಲಿ ಅವನು ಕೇಳಿದ್ದು ಒಂದೇ ಮಾತು: "ಇದು ನನಗೊಬ್ಬನಿಗೇ ಆಗುತ್ತಿದೆಯೇ?"

ಇಲ್ಲವೆಂದು ಇತಿಹಾಸ ಹೇಳುತ್ತದೆ. ಜಪಾನೀಯರು ಇದನ್ನು 'ಕನಶಿಬಾರಿ' ಎಂದು ಕರೆದರು. ನ್ಯೂಫೌಂಡ್‌ಲ್ಯಾಂಡಿನ ಜನ ಮುದುಕಿಯೊಬ್ಬಳು ಬಂದು ಎದೆಯೇರುತ್ತಾಳೆಂದರು. ಹೆನ್ರಿ ಫ್ಯುಸೆಲಿ 1781ರಲ್ಲಿ ಚಿತ್ರಿಸಿದ ದುಃಸ್ವಪ್ನದಲ್ಲಿ, ಮಲಗಿದ ಹೆಣ್ಣಿನ ಮೈಮೇಲೆ ಕುಳಿತಿರುವುದು ಒಂದು ಪಿಶಾಚಿ. ಇವೆಲ್ಲದರ ಹಿಂದಿನ ದೇಹವ್ಯಾಪಾರ ಒಂದೇ. ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ದೆಯ ಹಂತವನ್ನು 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಜಗತ್ತಿಗೆ ತಿಳಿಸಿದರು. ಕನಸುಗಳು ದಟ್ಟವಾಗಿ ಬರುವ ಆ ಹಂತದಲ್ಲಿ ಸ್ನಾಯುಗಳು ಸ್ತಬ್ಧವಾಗಿರುತ್ತವೆ. ಕನಸಿನಲ್ಲಿ ಓಡುವವನು ಹಾಸಿಗೆಯಿಂದೆದ್ದು ಓಡದಿರಲೆಂದು ಪ್ರಕೃತಿ ಇಟ್ಟ ಕಾವಲದು. ಕಾವಲು ತೆರವಾಗುವ ಮೊದಲೇ ಮನಸ್ಸು ಎಚ್ಚೆತ್ತರೆ ನಿದ್ರಾಸ್ತಂಭನ. ಅದು ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳವರೆಗೆ ಇದ್ದು ತಾನಾಗಿಯೇ ಬಿಡುತ್ತದೆ. ನಿದ್ದೆಗೆಟ್ಟವರನ್ನೂ ಪಾಳಿಯ ಕೆಲಸದವರನ್ನೂ ಅದು ಹೆಚ್ಚಾಗಿ ಕಾಡುತ್ತದೆ.

ಆದರೆ ಕಾರಣ ತಿಳಿದ ಮಾತ್ರಕ್ಕೆ ಭಯ ತೊಲಗುವುದಿಲ್ಲ. ಹಿಂದಿನವರು ಅದನ್ನು ಹೇಗೆ ಎದುರಿಸಿದರು?

ದುಃಸ್ವಪ್ನವನ್ನು ಹೊರಗಟ್ಟುವ ಮಂತ್ರಗಳು ಅಥರ್ವವೇದದಲ್ಲಿಯೇ ಇವೆ. ಬೃಹದಾರಣ್ಯಕೋಪನಿಷತ್ತು ಮಂತ್ರದಿಂದ ವಿಚಾರಕ್ಕೆ ಹೊರಳುತ್ತದೆ. ಕನಸಿನಲ್ಲಿ ಆನೆ ಅಟ್ಟಿಸಿಕೊಂಡು ಬರುವುದನ್ನೂ ಗುಂಡಿಗೆ ಬೀಳುವುದನ್ನೂ ಉದಾಹರಿಸಿ, ಎಚ್ಚರದಲ್ಲಿ ಕಂಡ ಭಯವನ್ನೇ ಮನುಷ್ಯ ಅವಿದ್ಯೆಯಿಂದ ಅಲ್ಲಿಯೂ ಕಲ್ಪಿಸಿಕೊಳ್ಳುತ್ತಾನೆಂದು ಅದು ವಿವರಿಸುತ್ತದೆ. ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದೆಂಬ ಎಚ್ಚರಿಕೆಯೂ ಅಲ್ಲಿದೆ.

ನಮ್ಮ ನೆರೆಯಲ್ಲಿಯೇ, ಥಾಣೆ ಮತ್ತು ಬೊರಿವಲಿಗಳ ನಡುವಣ ಕಾಡಿನಲ್ಲಿ, ಕಾನ್ಹೇರಿಯ ಗುಹೆಗಳಿವೆ. ಕವಿರಾಜಮಾರ್ಗದ ಆಸ್ಥಾನದೊಡೆಯ ಅಮೋಘವರ್ಷನನ್ನು ಸಾರ್ವಭೌಮನೆಂದು ಹೆಸರಿಸುವ 9ನೆಯ ಶತಮಾನದ ಶಾಸನಗಳು ಅಲ್ಲಿರುವುದರಿಂದ ಕನ್ನಡಿಗರಾದ ನಮಗೆ ಆ ಬೆಟ್ಟ ಪರಕೀಯವಲ್ಲ. ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗಲಿಗಳು ಇಂದಿಗೂ ಇವೆ. ಅವರ ಕನಸುಗಳನ್ನು ಯಾವ ಶಾಸನವೂ ದಾಖಲಿಸಿಲ್ಲ. ಆದರೆ ಪಾಳಿಯ ವಿನಯಗ್ರಂಥ ಭಿಕ್ಷುವಿಗೆ ಹೇಳುವ ಮಾತು ಸ್ಪಷ್ಟವಾಗಿದೆ: ಸ್ಮೃತಿಯನ್ನು, ಅಂದರೆ ಜಾಗೃತ ಅರಿವನ್ನು ಇಟ್ಟುಕೊಂಡು ನಿದ್ದೆಗೆ ಇಳಿದವನು ಸುಖವಾಗಿ ಮಲಗಿ ಸುಖವಾಗಿ ಏಳುತ್ತಾನೆ, ಕೆಟ್ಟ ಕನಸು ಕಾಣುವುದಿಲ್ಲ. ಕನಸಿನ ಸಿದ್ಧತೆ ಹಾಸಿಗೆಗೆ ಹೋಗುವ ಮೊದಲೇ ಆರಂಭವಾಗುತ್ತದೆಂಬುದು ಇದರ ಅರ್ಥ.

ಕನಸು ಸತ್ಯವೇ ಎಂಬ ವಾದದಲ್ಲಿ ಶೃಂಗೇರಿ, ಉಡುಪಿಗಳ ಪರಂಪರೆಗಳು ಎದುರುಬದುರಾಗಿವೆ. ಕನಸಿನ ಸೃಷ್ಟಿ ಮಾಯಾಮಾತ್ರವೆಂದರು ಶಂಕರರು. ವಾಸನೆಗಳನ್ನೇ ಉಪಾದಾನವಾಗಿಸಿ ಭಗವಂತ ನಿರ್ಮಿಸಿದ ಕನಸು ಸತ್ಯವೇ ಎಂದರು ಮಧ್ವರು. ಆದರೆ ಶಂಕರರೇ ಬ್ರಹ್ಮಸೂತ್ರಭಾಷ್ಯದ ಇನ್ನೊಂದೆಡೆ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತಾರೆ: ಕನಸಿನಲ್ಲಿ ಹಾವು ಕಚ್ಚಿತೆಂದು ಕಂಡವನು, ಎದ್ದ ಮೇಲೆ ಹಾವನ್ನು ಸುಳ್ಳೆನ್ನುತ್ತಾನೆಯೇ ಹೊರತು ತನಗಾದ ಅನುಭವವನ್ನು ಸುಳ್ಳೆನ್ನುವುದಿಲ್ಲ. ನಮ್ಮ ಗೆಳೆಯನಿಗೆ ಬೇಕಾದದ್ದು ಈ ವಿವೇಕವೇ. ನೆರಳು ಇರಲಿಲ್ಲ, ಆದರೆ ಭಯ ಇತ್ತು. "ಏನೂ ಇಲ್ಲ, ಸುಮ್ಮನಿರು" ಎಂದು ಗದರಿದವರು ಅವನ ಅರ್ಧ ಮಾತನ್ನಷ್ಟೇ ಕೇಳಿಸಿಕೊಂಡಿದ್ದರು.

ಭಯವನ್ನು ಅಲ್ಲಗಳೆಯದೆ ಅದರೊಳಗೇ ನಡೆಯುವ ಸಾಧನೆಯನ್ನು ರೂಪಿಸಿದವರು ಟಿಬೆಟಿನ ಬೌದ್ಧರು. ನಾರೋಪನ ಹೆಸರಿನ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಒಂದು. ಕನಸಿನಲ್ಲಿ ಬೆಂಕಿ ಕಂಡರೆ, ಇದು ಕನಸೆಂದು ನೆನೆದು ಅದನ್ನೇ ತುಳಿದು ಸಾಗಬೇಕೆಂದು ಆ ಪರಂಪರೆ ಕಲಿಸುತ್ತದೆ. ಆ ಪರಂಪರೆಯ ಜನ 1960ರ ದಶಕದ ಆರಂಭದಲ್ಲಿ ನಿರಾಶ್ರಿತರಾಗಿ ಬಂದು ನೆಲೆಸಿದ್ದು ಕನ್ನಡನಾಡಿನ ಬೈಲಕುಪ್ಪೆಯಲ್ಲಿ.

ಯುರೋಪಿನಲ್ಲಿ ಇದೇ ದಾರಿಯನ್ನು ಒಬ್ಬಂಟಿಯಾಗಿ ಕಂಡುಕೊಂಡವನು ಫ್ರಾನ್ಸಿನ ಚೀನೀ ವಿದ್ವಾಂಸ ಹರ್ವೆ ದ ಸೇಂ-ದೆನಿ. ಹದಿಮೂರನೆಯ ವಯಸ್ಸಿನಿಂದ ಕನಸಿನ ದಿನಚರಿ ಬರೆದ ಅವನು 1867ರಲ್ಲಿ ತನ್ನ ಗ್ರಂಥವನ್ನು ಹೆಸರಿಲ್ಲದೆ ಪ್ರಕಟಿಸಿದ. ವಿಕಾರರೂಪದ ಪ್ರಾಣಿಗಳು ಅಟ್ಟಿ ಬರುವುದು, ತಾನು ಬಾಗಿಲ ಮೇಲೆ ಬಾಗಿಲು ಮುಚ್ಚಿ ಓಡುವುದು, ಇದು ಅವನಿಗೆ ಮರಳಿ ಮರಳಿ ಬಿದ್ದ ಕನಸು. ಒಮ್ಮೆ ಇದು ಕನಸೆಂದು ಅರಿವಾದಾಗ ಅವನು ಓಡುವುದನ್ನು ನಿಲ್ಲಿಸಿ, ಗೋಡೆಗೆ ಬೆನ್ನು ಕೊಟ್ಟು, ಆ ರೂಪಗಳನ್ನು ದಿಟ್ಟಿಸಿ ನೋಡಿದ. ನೋಡನೋಡುತ್ತ ಅವು ಬಣ್ಣಗೆಟ್ಟು, ಜೋಲುಬಿದ್ದ ಚಿಂದಿಗಳಾದವು.

'ಲೂಸಿಡ್ ಡ್ರೀಮ್' ಎಂಬ ಮಾತನ್ನು 1913ರಲ್ಲಿ ಪ್ರಚಾರಕ್ಕೆ ತಂದವನು ಡಚ್ ವೈದ್ಯ-ಕವಿ ಫ್ರೆಡರಿಕ್ ಫಾನ್ ಏಡನ್, ಟಾಗೋರರನ್ನು ಡಚ್ ಭಾಷೆಗೆ ತಂದವನು. ತನ್ನ 352 ಅರಿವಿನ ಕನಸುಗಳನ್ನು ದಾಖಲಿಸಿದ ಅವನು, ಅವುಗಳ ಬೆನ್ನಿಗೆ ಕೆಲವೊಮ್ಮೆ ಪಿಶಾಚಿಗಳ ಕನಸು ಬರುತ್ತಿದ್ದುದನ್ನೂ ಮುಚ್ಚಿಡಲಿಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ನಡೆಸಿದ ಪ್ರಯೋಗದಲ್ಲಿ, ಅಲನ್ ವರ್ಸ್ಲಿ ಕನಸಿನೊಳಗಿನಿಂದಲೇ ಕಣ್ಣಿನ ಚಲನೆಯಿಂದ ಸಂಜ್ಞೆ ಕೊಟ್ಟ. ಮೈ ಸ್ತಬ್ಧವಾಗಿರುವಾಗಲೂ ಕಣ್ಣು ನಮ್ಮ ಮಾತು ಕೇಳುತ್ತದೆ. ಸ್ತಂಭನದಲ್ಲಿ ಸಿಕ್ಕವರಿಗೆ ಇದೊಂದು ಸಣ್ಣ ಧೈರ್ಯ.

ಇವರೆಲ್ಲರ ಕಾಲ, ಭಾಷೆ, ನಂಬಿಕೆ ಬೇರೆ ಬೇರೆ. ಆದರೂ ಯಾರೂ ಭಯದೊಡನೆ ಹೆಣಗಿ ಗೆದ್ದೆವೆನ್ನಲಿಲ್ಲ, ಗುರುತಿಸಿ ನೋಡಿದರು. ಈ ಕಥೆಗಳನ್ನು ನಾವು ಗೆಳೆಯನಿಗೆ ಹೇಳಿದೆವು. ಅದಕ್ಕೂ ಮೊದಲು ನಿದ್ದೆಯ ಬಾಕಿ ತೀರಿಸಲು ಹೇಳಿದೆವು. ಎರಡು ತಿಂಗಳು ಅಭ್ಯಾಸ ನಿಲ್ಲಿಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿ, ನಿಗದಿತ ಹೊತ್ತಿಗೆ ಮಲಗಿದ. ಸ್ತಂಭನ ಪದೇಪದೇ ಮರುಕಳಿಸಿದರೆ ವೈದ್ಯರನ್ನು ಕಾಣಬೇಕೆಂಬುದನ್ನೂ ಒಪ್ಪಿಸಿದೆವು. ಮತ್ತೊಮ್ಮೆ ಅದು ಬಂದಾಗ ಅವನು ಕೂಗಲು ಹೆಣಗಲಿಲ್ಲವಂತೆ. ಉಸಿರನ್ನು ಗಮನಿಸುತ್ತ, ಕಣ್ಣನ್ನು ಮೆಲ್ಲನೆ ಎಡಬಲಕ್ಕೆ ಹೊರಳಿಸುತ್ತ, "ಇದು ಅದೇ" ಎಂದುಕೊಂಡನಂತೆ. ನೆರಳು ಬಾಗಿಲಲ್ಲಿ ನಿಂತಿತ್ತು; ಸ್ವಲ್ಪ ಹೊತ್ತಿನಲ್ಲಿ ಅದು ಗೂಟಕ್ಕೆ ತೂಗುಹಾಕಿದ ಅವನದೇ ಅಂಗಿಯಾಯಿತು.

ತಾಯಿತ ಇನ್ನೂ ಅವನ ತೋಳಿನಲ್ಲಿದೆ. ಅಮ್ಮನಿಗೂ ನೆಮ್ಮದಿಯ ನಿದ್ದೆ ಬೇಕಲ್ಲವೇ ಎನ್ನುತ್ತಾನೆ. ನಾವೂ ಆಕ್ಷೇಪಿಸಲಿಲ್ಲ.