ಎಲುಬಿನ ಬಲವೂ ‘ಡಿ’ ಜೀವಸತ್ವದ ಇತಿಹಾಸವೂ

ಶಾಸ್ತ್ರಗಳಲ್ಲಿ ಹೆಸರು ಒಮ್ಮೊಮ್ಮೆ ವಸ್ತುವಿನ ಜ್ಞಾನಕ್ಕಿಂತ ಮುಂಚಿತವಾಗಿಯೇ ಹುಟ್ಟಿ, ಅನಂತರ ಆ ವಸ್ತುವಿನ ನಿಜಸ್ವರೂಪವನ್ನು ಮರೆಸುವುದುಂಟು. ‘ವಿಟಮಿನ್’ ಎಂಬುದು ಅಂತಹ ಹೆಸರುಗಳಲ್ಲಿ ಒಂದು. 1912ರಲ್ಲಿ ಕ್ಯಾಸಿಮಿರ್ ಫಂಕ್ ಎಂಬ ವಿದ್ವಾಂಸನು ಜೀವನಾರ್ಥಕವಾದ ‘ವೀಟಾ’ ಎಂಬ ಲ್ಯಾಟಿನ್ ಶಬ್ದವನ್ನೂ, ‘ಅಮೀನ್’ ಎಂಬ ರಸಾಯನಶಾಸ್ತ್ರದ ಶಬ್ದವನ್ನೂ ಕೂಡಿಸಿ ಇದನ್ನು ರಚಿಸಿದನು. ಈ ದ್ರವ್ಯಗಳೆಲ್ಲವೂ ಅಮೀನ್ ವರ್ಗಕ್ಕೆ ಸೇರಿದವುಗಳಲ್ಲವೆಂದು ತಿಳಿದುಬರಲು, 1920ರಲ್ಲಿ ಡ್ರಮ್ಮಂಡ್ ಎಂಬಾತನು ಆ ಹೆಸರಿನ ಕೊನೆಯ ‘ಇ’ ಅಕ್ಷರವನ್ನು ತೆಗೆದುಹಾಕಬೇಕೆಂದು ಸೂಚಿಸಿದನು. ಕನ್ನಡದಲ್ಲಿ ನಾವು ಇದನ್ನು ಜೀವಸತ್ವವೆನ್ನುತ್ತೇವೆ. ದೇಹವು ತಾನಾಗಿ ಸಾಕಷ್ಟು ನಿರ್ಮಿಸಿಕೊಳ್ಳಲಾರದೆ ಆಹಾರದಿಂದಲೇ ಅಲ್ಪಪ್ರಮಾಣದಲ್ಲಿ ಪಡೆಯಬೇಕಾದ ದ್ರವ್ಯವೆಂಬುದು ಇದರ ಲಕ್ಷಣ. ಎಲುಬಿಗೆ ಅತ್ಯಂತ ಉಪಕಾರಕವಾದ ‘ಡಿ’ ಜೀವಸತ್ವಕ್ಕಾದರೋ ಈ ಲಕ್ಷಣವು ಪೂರ್ತಿಯಾಗಿ ಹೊಂದುವುದಿಲ್ಲ. ಇದು ಹೇಗಾಯಿತು, ವೃದ್ಧರ ಆರೋಗ್ಯಕ್ಕೆ ಇದರಿಂದ ಏನು ತಿಳಿಯಬೇಕಾಗಿದೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಮಾಡೋಣ.

ಮಕ್ಕಳ ಎಲುಬು ಮೆತ್ತಗಾಗಿ ಕಾಲುಗಳು ಬಾಗುವ ರಿಕೆಟ್ಸ್ ರೋಗವನ್ನು ಡೇನಿಯಲ್ ವಿಸ್ಲರ್ 1645ರಲ್ಲಿ ಲೈಡನ್ ನಗರದಲ್ಲಿ ಒಪ್ಪಿಸಿದ ಪ್ರಬಂಧದಲ್ಲಿಯೂ, ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ವರ್ಣಿಸಿದರು. ಕಾರಣವು ಮಾತ್ರ ತಿಳಿಯದೆ ಉಳಿಯಿತು. 1822ರಲ್ಲಿ ಪೋಲೆಂಡಿನ ವೈದ್ಯನಾದ ಶ್ನ್ಯಾದೆತ್ಸ್ಕಿಯು, ಈ ರೋಗವು ಪಟ್ಟಣದ ಮಕ್ಕಳಲ್ಲಿ ಹೆಚ್ಚೆಂದೂ ಹಳ್ಳಿಯ ಮಕ್ಕಳಲ್ಲಿ ಕಡಮೆಯೆಂದೂ ಕಂಡು, ಬಿಸಿಲೇ ಮದ್ದೆಂದು ಹೇಳಿದನು. ಜಪಾನಿನಲ್ಲಿ ವೈದ್ಯನಾಗಿದ್ದು ಇಂಗ್ಲೆಂಡಿಗೆ ಹಿಂದಿರುಗಿದ ಥಿಯೊಬಾಲ್ಡ್ ಪಾಮ್, ಆ ದೇಶದಲ್ಲಿ ಅಪರೂಪವಾದ ರೋಗವು ತನ್ನ ನಾಡಿನಲ್ಲಿ ಇಷ್ಟು ವಿಪುಲವಾಗಿರುವುದೇಕೆಂದು ವಿಚಾರಿಸಿ, 1890ರಲ್ಲಿ ಅದೇ ನಿರ್ಣಯಕ್ಕೆ ಬಂದನು. ಇದನ್ನು ನಾವು ಪ್ರಕಾಶಪಕ್ಷವೆಂದು ಕರೆಯಬಹುದು.

ಇದಕ್ಕೆ ಎದುರಾಗಿ ಆಹಾರಪಕ್ಷವು ನಿಂತಿತು. ಎಡ್ವರ್ಡ್ ಮೆಲನ್‌ಬಿ ಎಂಬ ಆಂಗ್ಲೇಯನು ನಾಯಿಮರಿಗಳನ್ನು ಮನೆಯೊಳಗಿಟ್ಟು, ನಿಯಮಿತ ಆಹಾರವನ್ನು ಕೊಟ್ಟು ರಿಕೆಟ್ಸನ್ನು ಉಂಟುಮಾಡಿ, ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆಯಬಹುದೆಂದು 1919ರಲ್ಲಿ ತೋರಿಸಿದನು. 1922ರಲ್ಲಿ ಅಮೆರಿಕದ ಮ್ಯಾಕಾಲಮ್, ಆ ಎಣ್ಣೆಯನ್ನು ಕಾಯಿಸಿ ಅದರೊಳಕ್ಕೆ ಗಾಳಿಯನ್ನು ಹಾಯಿಸಿ ‘ಎ’ ಜೀವಸತ್ವವನ್ನು ನಾಶಮಾಡಿದರೂ ಎಲುಬನ್ನು ಸರಿಪಡಿಸುವ ಗುಣವು ಉಳಿಯುವುದನ್ನು ಕಂಡನು. ಎ, ಬಿ, ಸಿ ಎಂಬ ಅಕ್ಷರಗಳು ಅದಾಗಲೇ ಬಳಕೆಯಾಗಿದ್ದುದರಿಂದ ಈ ಹೊಸ ದ್ರವ್ಯಕ್ಕೆ ‘ಡಿ’ ಎಂಬ ಹೆಸರಾಯಿತು.

ಆದರೆ ಮೆಲನ್‌ಬಿಯ ಪ್ರಯೋಗಗಳು ಪ್ರಕಟವಾದ 1919ರಲ್ಲಿಯೇ ಬರ್ಲಿನ್ ನಗರದ ಹುಲ್ಡ್‌ಷಿನ್‌ಸ್ಕಿಯು ಯಾವ ಎಣ್ಣೆಯೂ ಇಲ್ಲದೆ, ಪಾದರಸದೀಪದ ಅತಿನೇರಿಳೆ ಕಿರಣಗಳಿಂದ ರೋಗಿಗಳಾದ ಮಕ್ಕಳನ್ನು ಗುಣಪಡಿಸಿದ್ದನು. ಒಂದು ತೋಳಿಗೆ ಮಾತ್ರ ಕಿರಣವನ್ನು ಬೀರಿದರೂ ಮತ್ತೊಂದು ತೋಳಿನ ಎಲುಬೂ ಸರಿಯಾದುದು ವಿಶೇಷ. ಚರ್ಮದಲ್ಲಿ ಹುಟ್ಟಿದ ಯಾವುದೋ ದ್ರವ್ಯವು ರಕ್ತದಲ್ಲಿ ಸೇರಿ ಸರ್ವಾಂಗಕ್ಕೂ ಹರಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿರಲಿಲ್ಲ. 1924ರಲ್ಲಿ ಸ್ಟೀನ್‌ಬಾಕ್ ಮತ್ತು ಹೆಸ್ ಇವರು ಬೇರೆಬೇರೆಯಾಗಿ, ಆಹಾರಪದಾರ್ಥಕ್ಕೆ ಅದೇ ಕಿರಣವನ್ನು ತಾಗಿಸಿದರೆ ಅದರಲ್ಲಿಯೂ ರೋಗಹರಗುಣವುಂಟಾಗುವುದೆಂದು ತೋರಿಸಿದರು. ಹೀಗೆ ಎರಡು ಪಕ್ಷಗಳೂ ಒಂದೇ ವಸ್ತುವನ್ನು ಎರಡು ಬಾಗಿಲುಗಳಿಂದ ನೋಡಿದ್ದವೆಂದು ಸಿದ್ಧವಾಯಿತು.

ಈ ವಿಚಾರದಲ್ಲಿ ನಮ್ಮ ದೇಶದ ಸಾಕ್ಷ್ಯವೂ ಗಮನಾರ್ಹವಾಗಿದೆ. ನಾಸಿಕದಲ್ಲಿ ಪರಿಶೀಲನೆ ನಡಸಿದ ಹಚಿಸನ್ ಮತ್ತು ಷಾ ಎಂಬವರು 1922ರಲ್ಲಿ ತಿಳಿಸಿದಂತೆ, ಬಯಲಿನಲ್ಲಿ ದುಡಿಯುವ ಬಡವರು ಕೀಳು ಆಹಾರವನ್ನುಂಡರೂ ಅವರಲ್ಲಿ ಈ ರೋಗವಿರಲಿಲ್ಲ. ಚೆನ್ನಾಗಿ ಉಣ್ಣುವ ಗೋಷಾ ಮನೆತನಗಳಲ್ಲಿ ಅದು ಕಾಣುತ್ತಿತ್ತು. ಬೆಳೆದ ಹೆಂಗಸರಲ್ಲಿ ಇದೇ ದೋಷವು ಅಸ್ಥಿಮಾರ್ದವವಾಗಿ ಪರಿಣಮಿಸಿ, ಕಟಿಯ ಎಲುಬನ್ನು ಕುಗ್ಗಿಸಿ, ಪ್ರಸವವನ್ನು ಪ್ರಾಣಾಪಾಯಕರವಾಗಿ ಮಾಡಬಲ್ಲುದು. ಇಲ್ಲಿ ಕೊರತೆಯಾದುದು ಅನ್ನವಲ್ಲ, ಅಂಗಳ.

ಈ ದ್ರವ್ಯದ ಕ್ರಿಯಾಕ್ರಮವು ಮುಂದಿನ ಅರ್ಧಶತಮಾನದಲ್ಲಿ ತಿಳಿದುಬಂದಿತು. ಚರ್ಮದಲ್ಲಿ ಹುಟ್ಟಿದ ‘ಡಿ’ ದ್ರವ್ಯವು ಯಕೃತ್ತಿನಲ್ಲಿಯೂ ಅನಂತರ ಮೂತ್ರಪಿಂಡದಲ್ಲಿಯೂ ಮಾರ್ಪಟ್ಟು, ಕರುಳು ಕ್ಯಾಲ್ಸಿಯಂ ಎಂಬ ಸುಣ್ಣದ ಧಾತುವನ್ನು ಹೀರುವಂತೆ ಮಾಡುತ್ತದೆ. ಆದಕಾರಣ ಇದನ್ನು ಜೀವಸತ್ವವೆನ್ನುವುದಕ್ಕಿಂತ ಹಾರ್ಮೋನಿನ ಪೂರ್ವರೂಪವೆನ್ನುವುದು ಹೆಚ್ಚು ಯುಕ್ತವೆಂದು ಹಲವರ ಮತ.

ವೃದ್ಧಾಪ್ಯದ ಪ್ರಶ್ನೆಯು ಇಲ್ಲಿ ಬರುತ್ತದೆ. ಮುಪ್ಪಿನಲ್ಲಿ ಚರ್ಮದ ನಿರ್ಮಾಣಶಕ್ತಿಯು ಎಳೆವಯಸ್ಸಿನಲ್ಲಿದ್ದುದರ ಅರ್ಧಕ್ಕಿಂತಲೂ ಕೆಳಗಿಳಿಯುವುದೆಂದು 1985ರಲ್ಲಿ ಮ್ಯಾಕ್‌ಲಾಫ್ಲಿನ್ ಮತ್ತು ಹಾಲಿಕ್ ತೋರಿಸಿದರು. ಬಿಸಿಲಿಗೆ ಬರುವುದೂ ಕಡಮೆಯಾದರೆ ಕೊರತೆಯು ಇಮ್ಮಡಿಸುತ್ತದೆ. 1992ರಲ್ಲಿ ಫ್ರಾನ್ಸಿನ ಷಾಪುಯಿ ಮೊದಲಾದವರು ವೃದ್ಧಾಶ್ರಮಗಳಲ್ಲಿದ್ದ 3,270 ಮುದುಕಿಯರಲ್ಲಿ ಕೆಲವರಿಗೆ ದಿನಕ್ಕೆ 800 ಅಂತರರಾಷ್ಟ್ರೀಯ ಮಾನದಷ್ಟು ‘ಡಿ’ಯನ್ನೂ 1.2 ಗ್ರಾಂ ಕ್ಯಾಲ್ಸಿಯಮನ್ನೂ ಕೊಟ್ಟರು. ಇವರ ಸರಾಸರಿ ವಯಸ್ಸು 84. ಹದಿನೆಂಟು ತಿಂಗಳು ಪೂರೈಸಿದವರಲ್ಲಿ, ಔಷಧ ಪಡೆದವರ ತೊಡೆಸಂದಿನ ಎಲುಬು ಮುರಿಯುವುದು ಶೇಕಡ 43ರಷ್ಟು ಕಡಮೆಯಾಯಿತು.

ಇದನ್ನು ಕೇಳಿದವರು ಎಲ್ಲರಿಗೂ ಇದೇ ಫಲವೆಂದು ಭಾವಿಸಿದರು. ಆದರೆ 2022ರಲ್ಲಿ ಪ್ರಕಟವಾದ ಅಮೆರಿಕದ ಮಹಾಪ್ರಯೋಗವೊಂದರಲ್ಲಿ, ಕೊರತೆಯುಳ್ಳವರನ್ನೇ ಆರಿಸದೆ, 50 ವರ್ಷ ಮೀರಿದ ಗಂಡಸರೂ 55 ಮೀರಿದ ಹೆಂಗಸರೂ ಸೇರಿ 25,871 ಜನರನ್ನು ಪರಿಶೀಲಿಸಲಾಯಿತು; ದಿನಕ್ಕೆ 2,000 ಮಾನವನ್ನು ಪಡೆದವರಲ್ಲಿ ಎಲುಬು ಮುರಿಯುವುದು ಗಣನೀಯವಾಗಿ ಕಡಮೆಯಾಗಲಿಲ್ಲ. 2010ರ ಆಸ್ಟ್ರೇಲಿಯದ ಪ್ರಯೋಗದಲ್ಲಿ, ವರ್ಷಕ್ಕೊಮ್ಮೆ ಒಟ್ಟಿಗೆ 5,00,000 ಮಾನವನ್ನು ನುಂಗಿದ ವೃದ್ಧೆಯರು ಬೀಳುವುದೂ ಎಲುಬು ಮುರಿದುಕೊಳ್ಳುವುದೂ ಹೆಚ್ಚಾಯಿತು.

ಈ ಫಲಗಳಲ್ಲಿ ವಿರೋಧವು ತೋರಿದರೂ ವಸ್ತುತಃ ವಿರೋಧವಿಲ್ಲ. ಅಸ್ಥಿಮಾರ್ದವದಲ್ಲಿ ಎಲುಬಿಗೆ ಸುಣ್ಣದ ಅಂಶವು ತುಂಬುವುದಿಲ್ಲ. ಇದನ್ನು ‘ಡಿ’ಯು ನೇರವಾಗಿ ನಿವಾರಿಸುವುದು. ಮುಪ್ಪಿನ ಆಸ್ಟಿಯೊಪೊರೋಸಿಸ್‌ನಲ್ಲಾದರೋ ಎಲುಬಿನ ದ್ರವ್ಯವೇ ಕ್ಷಯಿಸುತ್ತದೆ; ಅದಕ್ಕೆ ರಜೋನಿವೃತ್ತಿ, ನಿರ್ವ್ಯಾಯಾಮ ಮುಂತಾದ ಬೇರೆ ಕಾರಣಗಳೂ ಉಂಟು. ಇಲ್ಲದವನಿಗೆ ಕೊಟ್ಟುದು ಉಪಕಾರ. ಇದ್ದವನಿಗೆ ಮತ್ತಷ್ಟು ಸುರಿದುದು ನಿಷ್ಫಲ, ಒಮ್ಮೊಮ್ಮೆ ಅಪಾಯ. ಆದುದರಿಂದ ವೃದ್ಧರ ವಿಷಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆಯು ಎಷ್ಟು ಗುಳಿಗೆ ಎಂಬುದಲ್ಲ. ಅವರು ಎಲ್ಲಿ ವಾಸಿಸುತ್ತಾರೆ, ಬಿಸಿಲಿಗೆ ಬರುತ್ತಾರೆಯೆ, ಏನನ್ನು ಉಣ್ಣುತ್ತಾರೆ ಎಂಬುದು. ಹೆಸರು ನಮ್ಮ ದೃಷ್ಟಿಯನ್ನು ಆಹಾರದ ಕಡೆಗೆ ಮಾತ್ರ ತಿರುಗಿಸಿತು. ಇತಿಹಾಸವು ಅದನ್ನು ಮನೆಯ ಬಾಗಿಲಿನ ಕಡೆಗೂ ತಿರುಗಿಸುತ್ತದೆ.