ಬಿಂಬ ಮತ್ತು ಬರಹ: ಪಾಶ್ಚಾತ್ಯ ಸಂಸ್ಕೃತಿಯಲ್ಲಿ ಪ್ರತಿಮಾ ವಿವಾದದ ನೆಲೆಗಳು

ಕಲೆ, ಧರ್ಮ ಮತ್ತು ತತ್ತ್ವಶಾಸ್ತ್ರಗಳು ಪಾಶ್ಚಾತ್ಯ ಸಂಸ್ಕೃತಿಯನ್ನು ರೂಪಿಸಿದ ಪ್ರಧಾನ ಶಕ್ತಿಗಳೆಂಬುದು ಸರ್ವವಿದಿತ. 1820ರ ದಶಕದಲ್ಲಿ ಬರ್ಲಿನ್ನಿನಲ್ಲಿ ಸೌಂದರ್ಯಮೀಮಾಂಸೆಯನ್ನು ಕುರಿತು ಉಪನ್ಯಾಸಗಳನ್ನು ನೀಡಿದ ಜರ್ಮನ್ ತತ್ತ್ವಜ್ಞಾನಿ ಹೆಗೆಲ್, ಈ ಮೂರನ್ನೂ ಪರಮ ಚೈತನ್ಯವು ತನ್ನನ್ನು ತಾನು ಅರಿಯುವ ಮೂರು ರೂಪಗಳೆಂದು ನಿರೂಪಿಸಿದನು. ಕಲೆಯಿಂದ ಧರ್ಮಕ್ಕೆ, ಧರ್ಮದಿಂದ ಶುದ್ಧ ವಿಚಾರಕ್ಕೆ ಏರುವ ಏಣಿ ಅದು. ಪ್ರತಿಮೆಗಳ ಮುಂದೆ ಮಂಡಿಯೂರುವ ಕಾಲ ಮುಗಿದುಹೋಯಿತೆಂಬುದು ಅವನ ಅಭಿಪ್ರಾಯವಾಗಿತ್ತು. ಆದರೆ ಮಂಡಿಯೂರುತ್ತಿದ್ದವರು ಯಾರು, ಅವರ ಆ ಕ್ರಿಯೆಗೆ ಅರ್ಥವೇನಿತ್ತು ಎಂಬ ಪ್ರಶ್ನೆಗೆ ಈ ಏಣಿಯಲ್ಲಿ ಸ್ಥಾನವಿಲ್ಲ. ಜಾನಪದ ಅಧ್ಯಯನಕ್ಕೆ ಮುಖ್ಯವಾಗುವುದು ಇದೇ ಪ್ರಶ್ನೆ. ಪ್ರತಿಮೆಗಳನ್ನು ಕುರಿತು ಯುರೋಪಿನಲ್ಲಿ ನಡೆದ ಸುದೀರ್ಘ ವಿವಾದದಲ್ಲಿ ಕಲೆ, ಧರ್ಮ, ತತ್ತ್ವಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು ಎಂಬುದನ್ನೂ, ಆ ಹೆಣಿಗೆಗೆ ಪ್ರೇರಣೆಯಾದುದು ಬಹುಮಟ್ಟಿಗೆ ಅನಕ್ಷರಸ್ಥ ಜನರ ಆಚರಣೆಯೇ ಎಂಬುದನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಎರಡು ಪರಂಪರೆಗಳು

ಈ ವಿವಾದದ ಬೇರುಗಳು ಎರಡು. ಕೆತ್ತಿದ ವಿಗ್ರಹಗಳನ್ನು ನಿಷೇಧಿಸಿದ ಯೆಹೂದಿ ಧರ್ಮದ ಆಜ್ಞೆ ಒಂದು; ಗ್ರೀಕ್ ತತ್ತ್ವಚಿಂತನೆ ಇನ್ನೊಂದು. ಪ್ಲೇಟೋ ತನ್ನ ‘ರಿಪಬ್ಲಿಕ್’ ಕೃತಿಯ ಹತ್ತನೆಯ ಭಾಗದಲ್ಲಿ ಮಂಚದ ದೃಷ್ಟಾಂತವನ್ನು ಕೊಡುತ್ತಾನೆ. ಮಂಚದ ಮೂಲಭಾವನೆ ಒಂದು, ಬಡಗಿ ಮಾಡಿದ ಮಂಚ ಮತ್ತೊಂದು. ಚಿತ್ರಕಾರನು ಬರೆದದ್ದು ಆ ಮಂಚದ ತೋರಿಕೆ ಮಾತ್ರ. ಹೀಗೆ ಕಲೆ ಸತ್ಯದಿಂದ ದೂರವಾದದ್ದು. ಕ್ರಿ.ಶ. ಮೂರನೆಯ ಶತಮಾನದ ಪ್ಲೊಟಿನಸ್ ಈ ವಾದವನ್ನು ತಿರುಗಿಸಿದನು. ಕಲೆ ಕಣ್ಣಿಗೆ ಕಾಣುವುದನ್ನಷ್ಟೇ ಅನುಕರಿಸುವುದಿಲ್ಲ, ಅದರ ಹಿಂದಿನ ಮೂಲತತ್ತ್ವವನ್ನೂ ಮುಟ್ಟುತ್ತದೆ ಎಂದನು. ಬಿಂಬವು ಮೂಲವನ್ನು ಮರೆಮಾಡುತ್ತದೆಯೋ, ಮೂಲದತ್ತ ಕರೆದೊಯ್ಯುತ್ತದೆಯೋ ಎಂಬ ಜಿಜ್ಞಾಸೆಯನ್ನು ಕ್ರೈಸ್ತ ಧರ್ಮವು ಆಜ್ಞೆಯ ಜೊತೆಗೇ ಪಡೆದುಕೊಂಡಿತು.

ಕ್ರಿ.ಶ. 600ರ ಸುಮಾರಿನಲ್ಲಿ ಮಾರ್ಸೆಲ್ಸ್‌ನ ಬಿಷಪ್ ಸೆರೆನಸ್ ತನ್ನ ಚರ್ಚುಗಳಲ್ಲಿದ್ದ ಚಿತ್ರಗಳನ್ನು ಒಡೆಯಿಸಿದನು. ಜನರು ಅವುಗಳನ್ನು ಪೂಜಿಸುತ್ತಿದ್ದುದೇ ಕಾರಣ. ಪೋಪ್ ಒಂದನೆಯ ಗ್ರೆಗರಿ ಪೂಜೆಯನ್ನು ತಡೆದುದನ್ನು ಮೆಚ್ಚಿ, ಒಡೆದುದನ್ನು ಆಕ್ಷೇಪಿಸಿ ಪತ್ರ ಬರೆದನು. ಓದುಬಲ್ಲವರಿಗೆ ಗ್ರಂಥ ಹೇಗೋ ಓದಲಾರದವರಿಗೆ ಚಿತ್ರ ಹಾಗೆ ಎಂಬುದು ಅವನ ಸಮರ್ಥನೆ. ಮುಂದೆ ಪಶ್ಚಿಮ ಯುರೋಪಿನ ಧಾರ್ಮಿಕ ಕಲೆಗೆ ಇದು ದೀರ್ಘಕಾಲದ ಆಧಾರವಾಯಿತು. ಆದರೆ ಇಲ್ಲಿ ಚಿತ್ರವು ಬರಹದ ಬದಲಿ ಮಾತ್ರ. ಜನರು ಚಿತ್ರವನ್ನು ‘ಓದು’ತ್ತಿರಲಿಲ್ಲ, ಅದನ್ನು ಮುಟ್ಟುತ್ತಿದ್ದರು, ಮುತ್ತಿಡುತ್ತಿದ್ದರು, ಅದರ ಮುಂದೆ ದೀಪ ಹಚ್ಚಿ ಹರಕೆ ಹೊರುತ್ತಿದ್ದರು.

ಪೂರ್ವದ ಬೈಜಾಂಟಿಯನ್ ಸಾಮ್ರಾಜ್ಯದಲ್ಲಿ ಈ ಆಚರಣೆಯೇ ರಾಜಕೀಯ ಸಂಘರ್ಷವಾಯಿತು. 754ರ ಹಿಯೆರಿಯಾ ಸಭೆ ಪ್ರತಿಮೆಗಳನ್ನು ಖಂಡಿಸಿತು. 787ರ ಎರಡನೆಯ ನಿಕೇಯಾ ಸಭೆ ಅವುಗಳನ್ನು ಮತ್ತೆ ಮಾನ್ಯಮಾಡಿತು. 843ರಲ್ಲಿ ಅವುಗಳ ಪುನಃಪ್ರತಿಷ್ಠೆ ಸ್ಥಿರವಾಯಿತು. ಆರಾಧನೆ ದೇವರಿಗೆ ಮಾತ್ರ, ಗೌರವ ಪ್ರತಿಮೆಗೆ. ಪ್ರತಿಮೆಗೆ ಸಂದ ಗೌರವ ಮೂಲಕ್ಕೆ ಸಲ್ಲುತ್ತದೆ ಎಂಬುದು ನಿಕೇಯಾದ ನಿರ್ಣಯ. ಈ ನಿರ್ಣಯ ಲ್ಯಾಟಿನ್ನಿಗೆ ಅನುವಾದಗೊಂಡಾಗ ಆರಾಧನೆ ಮತ್ತು ಗೌರವಗಳ ನಡುವಿನ ಭೇದ ಮಸುಕಾಯಿತು. ಷಾರ್ಲ್‌ಮೇನ್‌ನ ಆಸ್ಥಾನ ಪಂಡಿತರು ಒಡೆಯುವುದೂ ಬೇಡ, ಪೂಜಿಸುವುದೂ ಬೇಡ ಎಂಬ ನಿಲುವನ್ನು ತಾಳಿದರು. ಮೇಣದ ಬತ್ತಿ ಹಚ್ಚುವ ಹೆಂಗಸಿನ ನಿತ್ಯಕ್ರಿಯೆಗೆ ವ್ಯಾಖ್ಯಾನ ಒದಗಿಸಲು ಗ್ರೀಕ್ ತತ್ತ್ವಶಾಸ್ತ್ರದ ಪರಿಭಾಷೆಯೇ ಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

ಪಂಡಿತನ ಮನಃಪರಿವರ್ತನೆ

ಈ ದೃಷ್ಟಿಯಿಂದ ಆಂಜೆಯ ಬರ್ನಾರ್ಡ್‌ನ ಬರಹ ಅಮೂಲ್ಯ ಆಕರವಾಗಿದೆ. ಷಾರ್ತ್ರ್‌ನ ಪ್ರಸಿದ್ಧ ಗುರು ಫುಲ್ಬರ್ಟನ ಶಿಷ್ಯನಾದ ಈತ 1013ರಲ್ಲಿ ದಕ್ಷಿಣ ಫ್ರಾನ್ಸಿನ ಕಾಂಕ್ ಎಂಬ ಊರಿಗೆ ಹೋದನು. ಅಲ್ಲಿ ಸೇಂಟ್ ಫ್ವಾ ಎಂಬ ಬಾಲಸಂತಳ, ಚಿನ್ನದ ತಗಡು ಹೊದಿಸಿ ರತ್ನಗಳನ್ನು ಕೂಡಿಸಿದ ಪ್ರತಿಮೆಯಿತ್ತು. ತಮ್ಮತ್ತ ಅದು ನೋಡುತ್ತಿದೆ, ತಮ್ಮ ಮೊರೆ ಕೇಳುತ್ತಿದೆ ಎಂದು ರೈತಾಪಿ ಜನ ನಂಬಿದ್ದರು. ಅಂತಹ ಪ್ರತಿಮೆಗಳನ್ನು ಹಳೆಯ ರೋಮನ್ ದೇವತೆಗಳ ವಿಗ್ರಹಗಳಿಗೆ ಹೋಲಿಸಿ ಬರ್ನಾರ್ಡ್ ಮೊದಲು ನಕ್ಕನು. ಆದರೆ ಅಲ್ಲಿನವರು ಹೇಳಿದ ಪವಾಡಕಥೆಗಳನ್ನು ಕೇಳುತ್ತ ತನ್ನ ನಿಲುವನ್ನು ಬದಲಿಸಿಕೊಂಡು, ಆ ಕಥೆಗಳನ್ನೇ ಲ್ಯಾಟಿನ್ನಿನಲ್ಲಿ ದಾಖಲಿಸಿದನು. ಮೌಖಿಕ ಪರಂಪರೆಯೊಂದು ಪಂಡಿತನ ವಿಚಾರವನ್ನು ತಿದ್ದಿದ ಇಂತಹ ನಿದರ್ಶನಗಳು ವಿರಳ. ಹೆಗೆಲ್‌ನ ಏಣಿ ಇಲ್ಲಿ ತಲೆಕೆಳಗಾಗುತ್ತದೆ.

ಬಾಸೆಲ್: ಬೆಂಕಿಯಿಂದ ಸಂಗ್ರಹಾಲಯಕ್ಕೆ

ಹದಿನಾರನೆಯ ಶತಮಾನದ ಧರ್ಮಸುಧಾರಣೆ ಈ ಸಮತೋಲವನ್ನು ಕದಡಿತು. 1522ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಕಾರ್ಲ್‌ಸ್ಟಾಟ್ ಪ್ರತಿಮೆಗಳನ್ನು ತೆಗೆಯಬೇಕೆಂದು ಬರೆದಾಗ, ಲೂಥರನು ಬಲಪ್ರಯೋಗವನ್ನು ವಿರೋಧಿಸಿದನು. 1524ರಲ್ಲಿ ಜೂರಿಚ್ ನಗರಾಡಳಿತವು ಕುಶಲಕರ್ಮಿಗಳನ್ನು ನೇಮಿಸಿ, ಚರ್ಚಿನ ಬಾಗಿಲು ಮುಚ್ಚಿ, ಕ್ರಮಬದ್ಧವಾಗಿ ಪ್ರತಿಮೆಗಳನ್ನು ತೆಗೆಸಿತು. ಬಾಸೆಲ್‌ನಲ್ಲಿ ನಡೆದುದು ಬೇರೆ ಬಗೆ. 1529ರ ಫೆಬ್ರವರಿಯಲ್ಲಿ, ಉಪವಾಸಕಾಲಕ್ಕೆ ಮುಂಚಿನ ಕಾರ್ನಿವಲ್ ಹಬ್ಬದ ದಿನಗಳಲ್ಲೇ, ಜನಸಮೂಹ ಚರ್ಚುಗಳಿಗೆ ನುಗ್ಗಿ ಪ್ರತಿಮೆಗಳನ್ನು ಒಡೆದು ಸುಟ್ಟಿತು. ಮೇಲುಕೀಳುಗಳು ಅದಲುಬದಲಾಗುವ ಹಬ್ಬದ ಅಣಕು ಮತ್ತು ಧರ್ಮಶಾಸ್ತ್ರದ ವಾದ ಇಲ್ಲಿ ಒಂದಾದವು. ಆ ಕಾಲದ ಹಲವು ಪ್ರಕರಣಗಳಲ್ಲಿ ಪ್ರತಿಮೆಗಳನ್ನು ಬೈದು, ಪ್ರಶ್ನಿಸಿ, ಅಪರಾಧಿಗಳಂತೆ ದಂಡಿಸಿದುದುಂಟು. ಕಲ್ಲೆಂದೇ ನಂಬಿದವರು ಕಲ್ಲಿನೊಡನೆ ಜಗಳವಾಡುವುದಿಲ್ಲ. ಒಡೆದ ಕೈಯಲ್ಲಿಯೂ ಮುಟ್ಟಿದ ಕೈಯ ನಂಬಿಕೆ ಉಳಿದಿತ್ತು.

ಪರಿಣಾಮಗಳು ದೂರಗಾಮಿಯಾದವು. ಎರಾಸ್ಮಸ್ ಅದೇ ವರ್ಷ ಬಾಸೆಲ್ ತೊರೆದನು. ಚಿತ್ರಕಾರ ಹಾನ್ಸ್ ಹೋಲ್ಬೈನ್ 1532ರಲ್ಲಿ ಇಂಗ್ಲೆಂಡಿಗೆ ತೆರಳಿ, ಎಂಟನೆಯ ಹೆನ್ರಿಯ ಆಸ್ಥಾನದ ಭಾವಚಿತ್ರಕಾರನೆಂದು ಹೆಸರಾದನು. ಪ್ರೊಟೆಸ್ಟಂಟ್ ಹಾಲೆಂಡಿನಲ್ಲಿ ಚರ್ಚಿನ ಗೋಡೆ ಬಿಳಿಯಾದಂತೆ ಭೂದೃಶ್ಯ, ಮನೆವಾರ್ತೆ, ಹಣ್ಣುಹಂಪಲುಗಳ ಚಿತ್ರಗಳು ಮನೆಗಳ ಗೋಡೆಯನ್ನೇರಿದವು. ಕ್ಯಾಥೊಲಿಕ್ ಚರ್ಚು 1563ರಲ್ಲಿ ಟ್ರೆಂಟ್ ಸಭೆಯ ಮೂಲಕ ಪ್ರತಿಮೆಗಳನ್ನು ಎತ್ತಿಹಿಡಿಯಿತು. ಬರೋಕ್ ಕಲೆಯ ವೈಭವಕ್ಕೆ ಅದು ಹಿನ್ನೆಲೆಯಾಯಿತು. ಪ್ರತಿಮೆಗಳನ್ನು ಸುಟ್ಟ ಬಾಸೆಲ್ ನಗರವೇ 1661ರಲ್ಲಿ ಆಮರ್‌ಬಾಖ್ ಮನೆತನದ ಸಂಗ್ರಹವನ್ನು ಕೊಂಡಿತು. ಹೋಲ್ಬೈನ್ ರಚಿಸಿದ ಮೃತ ಕ್ರಿಸ್ತನ ಚಿತ್ರ ಅದರಲ್ಲಿತ್ತು. ಪೂಜಾಪೀಠದಿಂದ ಇಳಿದ ಬಿಂಬ ಸಾರ್ವಜನಿಕ ಸಂಗ್ರಹಕ್ಕೆ ಏರಿತು. ಭಕ್ತನ ಸ್ಥಾನಕ್ಕೆ ಪ್ರೇಕ್ಷಕ ಬಂದನು. 1790ರಲ್ಲಿ ಕಾಂಟ್ ಸೌಂದರ್ಯಾನುಭವವನ್ನು ಪ್ರಯೋಜನಾಪೇಕ್ಷೆಯಿಲ್ಲದ ಆನಂದವೆಂದು ವಿವರಿಸಿದಾಗ, ಅವನ ಮುಂದಿದ್ದುದು ಈ ಪ್ರೇಕ್ಷಕನೇ. ಹರಕೆ ಹೊತ್ತವಳು ಆ ಮೀಮಾಂಸೆಯ ಹೊರಗುಳಿದಳು. ಆದರೂ ಅವಳು ಮರೆಯಾಗಲಿಲ್ಲ; ಹೆಗೆಲ್ ತೀರಿಕೊಂಡ 27 ವರ್ಷಗಳ ನಂತರ, 1858ರಲ್ಲಿ, ಫ್ರಾನ್ಸಿನ ಲೂರ್ದ್ ಜನಸಾಮಾನ್ಯರ ದೊಡ್ಡ ಯಾತ್ರಾಸ್ಥಳವಾಗತೊಡಗಿತು.

ಮಂಗಳೂರಿನ ಎರಡು ಗೋಡೆಗಳು

ಈ ವಿವಾದದ ಎರಡು ಕವಲುಗಳೂ ಕರಾವಳಿ ಕರ್ನಾಟಕವನ್ನು ತಲುಪಿದವು. 1815ರಲ್ಲಿ ಅದೇ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅದರ ಕೊಡುಗೆ ಮುಖ್ಯವಾಗಿ ಅಕ್ಷರದ್ದು: ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು. ಅದೇ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ ಮತ್ತು ಛಾವಣಿಗಳನ್ನು ಇಟಲಿಯ ಜೆಸ್ಯುಯಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಿಂದ ಚಿತ್ರಗಳಿಂದ ತುಂಬಿದನು. ಬರಹ ಮತ್ತು ಬಿಂಬಗಳ ಯುರೋಪಿನ ಒಡಕನ್ನು ಒಂದೇ ಊರಿನಲ್ಲಿ ಕಾಣಬಹುದು.

ಬಾಸೆಲ್ ಮಿಷನ್ ಮುದ್ರಣಾಲಯವು 1886ರಲ್ಲಿ ತುಳು ‘ಪಾಡ್ದನೊಳು’ ಸಂಗ್ರಹವನ್ನು ಪ್ರಕಟಿಸಿತು. ಭೂತಾರಾಧನೆಯನ್ನು ವಿಗ್ರಹಾರಾಧನೆಯೆಂದು ಖಂಡಿಸಿದವರೇ ಅದರ ನುಡಿಯನ್ನು ಉಳಿಸಿದರು. ಅಚ್ಚಿನಲ್ಲಿ ಪಾಡ್ದನದ ಮಾತು ಉಳಿಯಿತು. ಮೊಗ, ಅಣಿ, ಗಗ್ಗರ, ಆವೇಶ ಉಳಿಯಲಿಲ್ಲ. ಇದನ್ನು ಕೇವಲ ಮಿಷನರಿಗಳ ಮಿತಿಯೆಂದು ತಳ್ಳಿಹಾಕುವಂತಿಲ್ಲ. ಜಾನಪದ ಶಾಸ್ತ್ರಕ್ಕೆ ಬುನಾದಿ ಹಾಕಿದ ಹರ್ಡರ್ ಲೂಥರನ್ ಪಾದ್ರಿ. ಗ್ರಿಮ್ ಸೋದರರು ಸುಧಾರಿತ ಚರ್ಚಿನ ಮನೆತನದವರು. ಜನಪದವೆಂದರೆ ಮೊದಲು ಪಠ್ಯ ಎಂಬ ನಮ್ಮ ಶಿಸ್ತಿನ ರೂಢಿಗೆ ಇದೊಂದೇ ಕಾರಣವಲ್ಲ. ಆದರೆ ಬರಹವನ್ನು ಬಿಂಬದ ಮೇಲಿರಿಸಿದ ಆ ಪರಂಪರೆಯ ಪಾಲೂ ಅದರಲ್ಲಿದೆ.

ಒಟ್ಟಾರೆ, ಪಾಶ್ಚಾತ್ಯ ಸಂಸ್ಕೃತಿಯ ರೂಪಣೆಯನ್ನು ದಾರ್ಶನಿಕರು ಮತ್ತು ಕಲಾವಿದರ ಸಾಧನೆಯಾಗಿ ಮಾತ್ರ ಬರೆದರೆ ಅವರು ಯಾರಿಗೆ ಉತ್ತರಿಸುತ್ತಿದ್ದರೆಂಬುದು ಮರೆಯಾಗುತ್ತದೆ. ಸೆರೆನಸ್‌ನ ಚರ್ಚಿನ ಜನ, ಕಾಂಕ್‌ನ ರೈತರು, ಬಾಸೆಲ್‌ನ ಬೀದಿಯ ಗುಂಪು ತಮ್ಮ ಕೈಯಿಂದ ಏನನ್ನೂ ಬರೆದಿಡಲಿಲ್ಲ. ವಿರೋಧಿಸಿದವರ, ಸಮರ್ಥಿಸಿದವರ ಪುಟಗಳಲ್ಲಿ ಅವರ ಆಚರಣೆಯನ್ನು ಹುಡುಕಿ ತೆಗೆಯಬೇಕಾಗಿದೆ. ನಮ್ಮಲ್ಲಿನ ಹಳೆಯ ಸಂಗ್ರಹಗಳನ್ನು ಮರುಸಂಪಾದಿಸುವಾಗಲೂ ಪಠ್ಯದ ಜೊತೆಗೆ ಅದನ್ನು ಹೊತ್ತ ದೇಹ, ವೇಷ, ವಸ್ತುಗಳನ್ನು ದಾಖಲಿಸುವ ಕೆಲಸ ಅಷ್ಟೇ ತುರ್ತಿನದು.