ಅಕ್ಯುಪಂಕ್ಚರ್: ಮೆರಿಡಿಯನ್ ಸಮತೋಲನದ ನೋವು ಚಿಕಿತ್ಸೆಯ ಇತಿಹಾಸ

ಬಲಮಂಡಿ ನೋಯುತ್ತಿದ್ದರೆ ಎಡ ಮೊಣಕೈಗೆ, ಸೊಂಟ ಹಿಡಿದಿದ್ದರೆ ಕೈಯ ಹಿಂಬದಿಗೆ ಸೂಜಿ ಚುಚ್ಚಿ ನೋವು ಇಳಿಸುವ, ಚೀನೀ ಮೂಲದ ಚಿಕಿತ್ಸಾ ಕ್ರಮ. ದೇಹದುದ್ದಕ್ಕೂ ಹಬ್ಬಿವೆಯೆಂದು ಚೀನೀ ವೈದ್ಯಕೀಯ ಹೇಳುವ 12 ಮುಖ್ಯ ಶಕ್ತಿಪಥಗಳಿಗೆ ಮೆರಿಡಿಯನ್ ಎಂದು ಹೆಸರು. ಒಂದು ಪಥದ ಹರಿವು ತಡೆದಾಗ ನೋವು ಹುಟ್ಟುತ್ತದೆ, ಅದರ ಜೋಡಿಪಥವನ್ನು ಸೂಜಿಯಿಂದ ಎಚ್ಚರಿಸಿದರೆ ಎರಡೂ ಸಮಸ್ಥಿತಿಗೆ ಬಂದು ನೋವು ತಗ್ಗುತ್ತದೆ ಎಂಬುದು ಈ ಕ್ರಮದ ತಳಹದಿ. ಈ ಪಥಗಳನ್ನು ವಿವರಿಸುವ ಸಿದ್ಧಾಂತ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ನೋವಿಗೆ ಮದ್ದು ನೋವಿರುವಲ್ಲೇ ಇರಬೇಕಾಗಿಲ್ಲ ಎಂಬ ಅನುಭವ ಮಾತ್ರ ಎರಡು ಸಾವಿರ ವರ್ಷಗಳಿಂದ ಉಳಿದುಕೊಂಡಿದೆ. ಚೀನಾದಲ್ಲಿ ಹುಟ್ಟಿದ ಈ ಚಿಕಿತ್ಸೆ ಕೋಲ್ಕತ್ತ, ಕೊಲಂಬೊಗಳ ದಾರಿಯಾಗಿ ಭಾರತಕ್ಕೆ ಬಂದು, ಪ್ರಕೃತಿ ಚಿಕಿತ್ಸೆಯ ಕಾಲೇಜುಗಳ ಮೂಲಕ ಕರ್ನಾಟಕದಲ್ಲಿ ನೆಲೆಯೂರಿತು.

ಪ್ರಾಚೀನ ಮೂಲಗಳು

ಪಥಗಳ ಕಲ್ಪನೆ ಸೂಜಿಗಿಂತ ಹಳೆಯದಿರಬಹುದು. ಚೀನಾದ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ಅವುಗಳಲ್ಲಿ 11 ಪಥಗಳ ವರ್ಣನೆಯಿದೆ. ಆದರೆ ಅಲ್ಲಿ ಹೇಳಿರುವ ಚಿಕಿತ್ಸೆ ಚುಚ್ಚುವುದಲ್ಲ, ಸುಡುವುದು. ಒಣಗಿದ ಸೊಪ್ಪನ್ನು ಉರಿಸಿ ಚರ್ಮಕ್ಕೆ ಕಾವು ಕೊಡುವ ಈ ಪದ್ಧತಿ ಮಾಕ್ಸಿಬಸ್ಚನ್ ಎಂಬ ಹೆಸರಿನಲ್ಲಿ ಇಂದಿಗೂ ಸೂಜಿಯ ಜೊತೆಯಲ್ಲೇ ಬಳಕೆಯಲ್ಲಿದೆ. ಕ್ರಿ.ಪೂ. 113ರಲ್ಲಿ ತೀರಿಕೊಂಡ ರಾಜಕುಮಾರ ಲಿಯು ಶೆಂಗನ ಸಮಾಧಿಯಲ್ಲಿ ಚಿನ್ನ ಮತ್ತು ಬೆಳ್ಳಿಯ ಸೂಜಿಗಳು ಸಿಕ್ಕಿವೆ.

ಸೂಜಿ ಚಿಕಿತ್ಸೆಗೆ ಶಾಸ್ತ್ರದ ಚೌಕಟ್ಟು ಕೊಟ್ಟದ್ದು 'ಹುವಾಂಗ್‌ದಿ ನೈಜಿಂಗ್'. ಪೀತ ಚಕ್ರವರ್ತಿ ಕೇಳುವ ಪ್ರಶ್ನೆಗಳಿಗೆ ವೈದ್ಯ ಚಿ ಬೋ ಉತ್ತರ ಕೊಡುವ ಸಂವಾದದ ರೂಪದಲ್ಲಿರುವ ಈ ಗ್ರಂಥ ಕ್ರಿಸ್ತಪೂರ್ವದ ಕೊನೆಯ ಎರಡು ಶತಮಾನಗಳ ಸುಮಾರಿಗೆ ರೂಪುಗೊಂಡಿತು. 'ಸುವೆನ್', 'ಲಿಂಗ್‌ಶು' ಎಂಬುವು ಇದರ ಎರಡು ಭಾಗಗಳು. ಸಮತೋಲನ ವಿಧಾನದ ಬೇರು ಇಲ್ಲಿದೆ. ರೋಗ ಎಡಕ್ಕಿದ್ದರೆ ಬಲಕ್ಕೆ, ಬಲಕ್ಕಿದ್ದರೆ ಎಡಕ್ಕೆ ಚುಚ್ಚುವ 'ಮಿಯು ಚಿ' ಎಂಬ ಕ್ರಮಕ್ಕೆ ಸುವೆನ್ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟಿದೆ. ಲಿಂಗ್‌ಶು ಒಂಬತ್ತು ಬಗೆಯ ಸೂಜಿಗಳನ್ನು ವಿವರಿಸುವುದರ ಜೊತೆಗೆ ಮೇಲಿನ ರೋಗಕ್ಕೆ ಕೆಳಗೆ, ದೂರದಲ್ಲಿ ಚುಚ್ಚುವ ರೀತಿಯನ್ನೂ ಹೇಳುತ್ತದೆ.

ಹುವಾಂಗ್‌ಫು ಮಿ (215–282) ತನ್ನ ಗ್ರಂಥದಲ್ಲಿ 349 ಬಿಂದುಗಳನ್ನು ಕ್ರಮವಾಗಿ ಪಟ್ಟಿ ಮಾಡಿದ. ಸಾಂಗ್ ಅರಸರ ಕಾಲದಲ್ಲಿ ವಾಂಗ್ ವೇಯಿ 1026ರಲ್ಲಿ ಬಿಂದುಗಳ ಕೈಪಿಡಿ ಬರೆದು, ಅದಕ್ಕೆ ತಕ್ಕಂತೆ ಆಳೆತ್ತರದ ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿದ. ಬಿಂದುಗಳಿರುವಲ್ಲಿ ತೂತು ಕೊರೆದಿದ್ದ ಆ ಪ್ರತಿಮೆಗಳು ವಿದ್ಯಾರ್ಥಿಗಳಿಗೆ ಪಾಠವೂ ಆದವು, ಪರೀಕ್ಷೆಯೂ ಆದವು. 1601ರಲ್ಲಿ ಹೊರಬಂದ ಯಾಂಗ್ ಜಿಝೌನ ಬೃಹತ್ ಸಂಗ್ರಹ ಅಲ್ಲಿಯವರೆಗಿನ ತಿಳಿವಳಿಕೆಯನ್ನೆಲ್ಲ ಒಂದೆಡೆ ತಂದಿತು.

ಇಳಿಕೆ ಮತ್ತು ಮರುಹುಟ್ಟು

1822ರಲ್ಲಿ ಚೀನಾದ ದಾವೊಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಲ್ಲಿ ಸೂಜಿ ಚಿಕಿತ್ಸೆಯನ್ನು ನಿಲ್ಲಿಸಿದ. 1929ರಲ್ಲಿ ದೇಶೀಯ ವೈದ್ಯಕೀಯವನ್ನೇ ಕೈಬಿಡುವ ಪ್ರಸ್ತಾಪ ಬಂದಾಗ ವೈದ್ಯರು ಒಗ್ಗೂಡಿ ಪ್ರತಿಭಟಿಸಿದರು. 1949ರ ಕ್ರಾಂತಿಯ ನಂತರ ಹೊಸ ಸರ್ಕಾರ, ಹಳ್ಳಿಗಾಡಿಗೆ ವೈದ್ಯರು ಸಾಲದಿದ್ದ ಆ ಹೊತ್ತಿನಲ್ಲಿ, ಕಡಿಮೆ ಖರ್ಚಿನ ಈ ಚಿಕಿತ್ಸೆಯನ್ನು ಮೇಲೆತ್ತಿತು. 1955ರಲ್ಲಿ ಬೀಜಿಂಗಿನಲ್ಲಿ ದೇಶೀಯ ವೈದ್ಯಕೀಯದ ಅಕಾಡೆಮಿ ಆರಂಭವಾಯಿತು.

ಪಶ್ಚಿಮದ ಜನಸಾಮಾನ್ಯರ ಕುತೂಹಲ ಕೆರಳಿದ್ದು 1971ರಲ್ಲಿ. ಚೀನಾ ಪ್ರವಾಸದಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಯಿತು. ನಂತರದ ಹೊಟ್ಟೆಯ ಸಂಕಟಕ್ಕೆ ವೈದ್ಯರು ಅವರ ಮೊಣಕೈಗೂ ಮಂಡಿಯ ಕೆಳಗೂ ಸೂಜಿ ಹಾಕಿದರು. ಆ ಅನುಭವವನ್ನು ರೆಸ್ಟನ್ ತಮ್ಮ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಭೇಟಿ ಕೊಟ್ಟ ಮೇಲೆ ಆಸಕ್ತಿ ಇನ್ನಷ್ಟು ಹಬ್ಬಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ 361 ಬಿಂದುಗಳ ಹೆಸರುಗಳನ್ನು ಏಕರೂಪಗೊಳಿಸಿತು. ಚೀನಾದ ಸೂಜಿ ಮತ್ತು ಕಾವಿನ ಚಿಕಿತ್ಸೆಯನ್ನು ಯುನೆಸ್ಕೊ 2010ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಮತೋಲನ ವಿಧಾನ

'ಬ್ಯಾಲೆನ್ಸ್ ಮೆಥಡ್' ಎಂದು ಇಂದು ಕರೆಯುವ ಕ್ರಮ ಬೆಳೆದದ್ದು ತೈವಾನ್ ಮೂಲದ ವೈದ್ಯರ ಕೈಯಲ್ಲಿ. ದೂರದ ಬಿಂದುಗಳನ್ನೇ ಹೆಚ್ಚಾಗಿ ಬಳಸುತ್ತಿದ್ದ ತುಂಗ್ ಚಿಂಗ್‌ಚಾಂಗ್ (1916–1975) ಅವರ ಪರಂಪರೆ ಮತ್ತು ಚೀನಾದ ಪ್ರಾಚೀನ 'ಯಿ ಜಿಂಗ್' ಗ್ರಂಥದ ಎಂಟು ಸಂಕೇತಗಳ ತರ್ಕ ಇದಕ್ಕೆ ಒತ್ತಾಸೆಯಾದವು. ತೈವಾನಿನಿಂದ ಅಮೆರಿಕಕ್ಕೆ ಹೋಗಿ ಸ್ಯಾನ್ ಡಿಯಾಗೊದಲ್ಲಿ ನೆಲೆಸಿದ ರಿಚರ್ಡ್ ತಾನ್ ಇವನ್ನೆಲ್ಲ ಒಂದು ಕ್ರಮಕ್ಕೆ ತಂದು, 1990ರ ದಶಕದಿಂದ ಪುಸ್ತಕಗಳ ಮೂಲಕ, ತರಗತಿಗಳ ಮೂಲಕ ಪ್ರಚಾರ ಮಾಡಿದರು.

ತಾನ್ ಅವರ ಕ್ರಮದಲ್ಲಿ ಮೂರು ಹೆಜ್ಜೆಗಳಿವೆ. ನೋವು ಯಾವ ಪಥದ ಮೇಲಿದೆ ಎಂದು ಗುರುತಿಸುವುದು ಮೊದಲನೆಯದು. ರೋಗಿ ಬೆರಳಿಟ್ಟು ತೋರಿಸಿದ ಜಾಗವೇ ಇಲ್ಲಿ ಮುಖ್ಯ. ಆ ಪಥಕ್ಕೆ ಜೋಡಿ ಹುಡುಕುವುದು ಎರಡನೆಯದು. ಜೋಡಿ ಹಲವು ಬಗೆಯದು. ಕೈ ಮತ್ತು ಕಾಲಿನ ಒಂದೇ ಹೆಸರಿನ ಪಥಗಳು ಜೋಡಿ. ಒಳ ಪಥಕ್ಕೆ ಹೊರ ಪಥ ಜೋಡಿ. ದಿನದ 24 ಗಂಟೆಯನ್ನು ಎರಡೆರಡು ಗಂಟೆಯಂತೆ 12 ಪಥಗಳಿಗೆ ಹಂಚಿದ ಗಡಿಯಾರದಲ್ಲಿ ಎದುರುಬದುರು ಬರುವ ಪಥಗಳೂ ಜೋಡಿಯೇ. ಬೆಳಗಿನ 3ರಿಂದ 5 ಗಂಟೆ ಶ್ವಾಸಕೋಶದ ಪಥದ ಹೊತ್ತು, ಮಧ್ಯಾಹ್ನ 3ರಿಂದ 5 ಮೂತ್ರಕೋಶದ ಪಥದ ಹೊತ್ತು. ಹಾಗಾಗಿ ಬೆನ್ನಿನ ಮೇಲೆ ಹಾದುಹೋಗುವ ಮೂತ್ರಕೋಶದ ಪಥದ ನೋವಿಗೆ ತೋಳಿನ ಮೇಲಿನ ಶ್ವಾಸಕೋಶದ ಪಥ ಮದ್ದಾಗಬಹುದು.

ಪ್ರತಿಬಿಂಬ ನೋಡುವುದು ಮೂರನೆಯ ಹೆಜ್ಜೆ. ಕೈಯನ್ನು ಕಾಲಿನ ಪಕ್ಕದಲ್ಲಿಟ್ಟು ಹೋಲಿಸಿದರೆ ಭುಜಕ್ಕೆ ಸೊಂಟದ ಕೀಲು, ಮೊಣಕೈಗೆ ಮಂಡಿ, ಮಣಿಕಟ್ಟಿಗೆ ಕಾಲಿನ ಹರಡು ಸಮನಾಗುತ್ತವೆ. ಬಲಮಂಡಿಯ ಹೊರಬದಿಯಲ್ಲಿ, ಪಿತ್ತಕೋಶದ ಪಥದ ಮೇಲೆ ನೋವಿದ್ದರೆ, ಚೀನೀ ವರ್ಗೀಕರಣದಲ್ಲಿ ಅದರೊಡನೆ ಒಂದೇ ಹೆಸರು ಹಂಚಿಕೊಂಡ ಕೈಯ 'ಸಾನ್ ಜಿಯಾವೊ' ಪಥದ ಮೇಲೆ ಎಡ ಮೊಣಕೈಯ ಸುತ್ತ ಚುಚ್ಚಬಹುದು. ಸೂಜಿ ಹಾಕಿದ ಮೇಲೆ ನೋಯುವ ಕೀಲನ್ನು ಆಡಿಸಲು ಹೇಳುತ್ತಾರೆ. ಕೋಲು ನೆಟ್ಟೊಡನೆ ನೆರಳು ಬೀಳುವಂತೆ ಫಲ ಕಾಣಬೇಕು ಎಂಬುದು ತಾನ್ ಅವರು ಮತ್ತೆ ಮತ್ತೆ ಬಳಸುತ್ತಿದ್ದ ಚೀನೀ ಮಾತು.

ಭಾರತೀಯ ವೈದ್ಯದೊಡನೆ ಹೋಲಿಕೆ

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ರಕ್ತನಾಳವನ್ನು ಚುಚ್ಚಿ ರಕ್ತ ಬಿಡುವ 'ಸಿರಾವ್ಯಧ'ದ ವಿವರಣೆಯಿದೆ. ಸೊಂಟದಿಂದ ಕಾಲಿಗೆ ಇಳಿಯುವ ಗೃಧ್ರಸಿ ಎಂಬ ನೋವಿಗೆ ಮಂಡಿಯಿಂದ ನಾಲ್ಕು ಅಂಗುಲ ಮೇಲೆ ಅಥವಾ ಕೆಳಗೆ ಚುಚ್ಚಬೇಕು, ತೋಳಿನ ವಿಶ್ವಾಚಿ ನೋವಿಗೂ ಗೃಧ್ರಸಿಯ ಕ್ರಮವೇ ಸಲ್ಲುತ್ತದೆ ಎಂದು ಅಲ್ಲಿ ಹೇಳಿದೆ. ಮಂಡಿ ಮತ್ತು ಮೊಣಕೈಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಈ ನೋಟ ಚೀನೀ ಕ್ರಮದ ಸನಿಹಕ್ಕೆ ಬರುತ್ತದೆ. ಆದರೆ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಸುಶ್ರುತ ಹೇಳುವುದು ನೋಯುವ ಅಂಗದಲ್ಲೇ ರಕ್ತ ತೆಗೆಯುವುದನ್ನು. ಎದುರು ಅಂಗಕ್ಕೆ ಚುಚ್ಚುವುದನ್ನಲ್ಲ. ಆಯುರ್ವೇದದ 107 ಮರ್ಮಗಳು ಪೆಟ್ಟು ಬೀಳದಂತೆ ಕಾಯಬೇಕಾದ ಸ್ಥಾನಗಳು, ಚೀನೀ ಬಿಂದುಗಳಾದರೋ ಸೂಜಿಗೆ ಬಾಗಿಲುಗಳು. ಒಂದನ್ನು ಇನ್ನೊಂದರ ತಾಯಿ ಎನ್ನುವುದಕ್ಕೆ ಈ ಹೋಲಿಕೆ ಸಾಲದು.

ಭಾರತಕ್ಕೆ ಬಂದ ದಾರಿ

ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರ ತಂಡವನ್ನು ಕಳುಹಿಸಿತು. ಕನ್ನಡ, ಮರಾಠಿ, ತೆಲುಗು ಮಾತುಗಳು ಬೆರೆತ ಸೊಲ್ಲಾಪುರದ ಮಗ ದ್ವಾರಕಾನಾಥ ಕೋಟ್ನಿಸ್ ಆ ತಂಡದಲ್ಲಿದ್ದರು. ಶಸ್ತ್ರವೈದ್ಯರಾಗಿ ಯುದ್ಧಭೂಮಿಯಲ್ಲಿ ದುಡಿದ ಅವರು 1942ರ ಡಿಸೆಂಬರಿನಲ್ಲಿ, 32ರ ಹರೆಯದಲ್ಲಿ, ಚೀನಾದಲ್ಲೇ ತೀರಿಕೊಂಡರು. ಅದೇ ತಂಡದ ಬಿ. ಕೆ. ಬಸು ತಾಯ್ನಾಡಿಗೆ ಮರಳಿ, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದರು. ಕೋಲ್ಕತ್ತದಲ್ಲಿ ಅವರು ಆರಂಭಿಸಿದ ಚಿಕಿತ್ಸೆ ಮತ್ತು ಬೋಧನೆಯಿಂದ ಭಾರತದಲ್ಲಿ ಈ ವಿದ್ಯೆ ಬೇರುಬಿಟ್ಟಿತು. ಕೋಟ್ನಿಸ್ ಹೆಸರಿನ ಅಕ್ಯುಪಂಕ್ಚರ್ ಆಸ್ಪತ್ರೆ ಪಂಜಾಬಿನ ಲೂಧಿಯಾನದಲ್ಲಿದೆ. ದಕ್ಷಿಣದ ದಾರಿ ಶ್ರೀಲಂಕಾದಿಂದ ಬಂತು. ಕೊಲಂಬೊದ ಕಲುಬೋವಿಲ ಸರ್ಕಾರಿ ಆಸ್ಪತ್ರೆಯಲ್ಲಿ ಆಂಟನ್ ಜಯಸೂರ್ಯ ನಡೆಸುತ್ತಿದ್ದ ತರಬೇತಿಗೆ ಭಾರತದಿಂದಲೂ ಅನೇಕರು ಹೋಗಿ ಕಲಿತರು.

ಪಶ್ಚಿಮ ಬಂಗಾಳ 1996ರಲ್ಲಿ ಅಕ್ಯುಪಂಕ್ಚರಿಗೆಂದೇ ಕಾನೂನು ಮಾಡಿತು. ಮಹಾರಾಷ್ಟ್ರದ ಕಾಯ್ದೆ 2015ರದು. ಕೇಂದ್ರ ಸರ್ಕಾರ 2003ರ ನವೆಂಬರಿನಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನವೆಂದೂ 2019ರ ಫೆಬ್ರುವರಿಯಲ್ಲಿ ಸ್ವತಂತ್ರ ಪದ್ಧತಿಯೆಂದೂ ಮಾನ್ಯ ಮಾಡಿತು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಅಕ್ಯುಪಂಕ್ಚರ್ ಮುಖ್ಯವಾಗಿ ಪ್ರಕೃತಿ ಚಿಕಿತ್ಸೆಯ ಮನೆಯಲ್ಲಿ ಬೆಳೆಯಿತು. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಈ ಕ್ಷೇತ್ರದ ಮೊದಲ ಸಾಲಿನ ಸಂಸ್ಥೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷಗಳ ಬಿ.ಎನ್.ವೈ.ಎಸ್. ಪದವಿಯ ಪಾಠಕ್ರಮದಲ್ಲಿ ನೀರು, ಮಣ್ಣು, ಉಪವಾಸ, ಯೋಗಗಳ ಜೊತೆ ಅಕ್ಯುಪಂಕ್ಚರ್ ಕೂಡ ಇದೆ. ಧರ್ಮಸ್ಥಳದ ಶಾಂತಿವನ, ಬೆಂಗಳೂರಿನ ಜಿಂದಾಲ್ ಪ್ರಕೃತಿ ಚಿಕಿತ್ಸಾ ಸಂಸ್ಥೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಹೀಗಾಗಿ ಕನ್ನಡಿಗರಿಗೆ ಅಕ್ಯುಪಂಕ್ಚರ್ ಚೀನೀ ವಿದ್ಯೆಯಾಗಿ ಪರಿಚಯವಾದದ್ದಕ್ಕಿಂತ, ಮಣ್ಣುಪಟ್ಟಿ ಮತ್ತು ಎಣ್ಣೆ ಮಾಲೀಸಿನ ಪಕ್ಕದ ಮಂಚದ ಮೇಲೆ ಪರಿಚಯವಾದದ್ದೇ ಹೆಚ್ಚು.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗೆ ಇಳಿಯುವ ಅಂಚಿನಲ್ಲಿವೆ. ಸ್ವಾತಂತ್ರ್ಯಪೂರ್ವದಲ್ಲಿ ಇಡೀ ಜಿಲ್ಲೆಗೆ ಕಡೂರಿನದೇ ಹೆಸರಿತ್ತು. ತೆಂಗು, ಅಡಿಕೆ, ರಾಗಿ, ಈರುಳ್ಳಿ ಬೆಳೆಯುವ ಈ ಸೀಮೆಯಲ್ಲಿ ನೋವು ದುಡಿಮೆಯ ಜೊತೆಯಲ್ಲೇ ಬರುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಗೆ ಕತ್ತು ಮತ್ತು ಸೊಂಟ, ಬಗ್ಗಿ ಈರುಳ್ಳಿ ಕೀಳುವ ಹೆಂಗಸರಿಗೆ ಬೆನ್ನು, ಮರ ಹತ್ತಿ ಕೊನೆ ಕೊಯ್ಯುವವರಿಗೆ ಭುಜ ಮತ್ತು ಮಂಡಿ.

ಇಲ್ಲಿಯ ಹಳ್ಳಿಮದ್ದು ಈ ನೋವುಗಳನ್ನು ತನ್ನದೇ ದಾರಿಯಲ್ಲಿ ಎದುರಿಸುತ್ತ ಬಂದಿದೆ. ಎಣ್ಣೆ ಹಚ್ಚಿ ನೀವುವುದು, ಉಳುಕು ತೆಗೆಸುವುದು, ಲಕ್ಕಿ ಸೊಪ್ಪಿನ ಶಾಖ ಕೊಡುವುದು ಈಗಲೂ ಇವೆ. ಕಾದ ಕಬ್ಬಿಣದಿಂದ ಬರೆ ಹಾಕಿಸುವ ರೂಢಿ ಹಿಂದೆ ಜನಕ್ಕೂ ದನಕ್ಕೂ ಇತ್ತು. ಅಮೃತ್ ಮಹಲ್ ತಳಿಯ ದನಗಳಿಗೆ ಹೆಸರಾದ ಅಜ್ಜಂಪುರದ ಕಡೆ, ಎತ್ತಿನ ಕಾಲು ಕುಂಟಿದರೆ ಬರೆ ಎಳೆಸುವುದು ರೈತರಿಗೆ ಹೊಸ ಮಾತಲ್ಲ. ಮಾವಾಂಗ್‌ದುಯಿಯ ರೇಷ್ಮೆ ಬರಹಗಳಲ್ಲಿರುವುದೂ ಸುಡುವ ಚಿಕಿತ್ಸೆಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು ನೋವನ್ನು ಇನ್ನೊಂದು ನೋವಿನಿಂದ ಅಡಗಿಸಬಹುದು ಎಂಬ ತಿಳಿವಳಿಕೆ ಒಂದೇ ನಾಡಿನ ಸೊತ್ತಲ್ಲ. ಆದರೆ ಬರೆ ಗಾಯವನ್ನೂ ಕೀವನ್ನೂ ಬಿಟ್ಟುಹೋಗುತ್ತದೆ. ತರಬೇತಾದ ಕೈಯಲ್ಲಿ ಹೊಸ ಸೂಜಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಒಂದು ಹನಿ ರಕ್ತವನ್ನಷ್ಟೇ. ಅಂಥ ಕೈಯನ್ನು ಅರಸುವವರಿಗೆ, ಕಡೂರಿನಿಂದ ಚಿಕ್ಕಮಗಳೂರು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ ಸಿಗುತ್ತದೆ. ಧರ್ಮಸ್ಥಳಕ್ಕೆ ಹರಕೆ ಹೊತ್ತು ಹೋಗುವ ಈ ಸೀಮೆಯವರಿಗೆ ಅದು ಪರಿಚಿತ ದಾರಿ.

ವಿಜ್ಞಾನದ ಒರೆಗಲ್ಲಿನಲ್ಲಿ

ಶರೀರವನ್ನು ಬಗೆದು ನೋಡಿದಾಗ ಮೆರಿಡಿಯನ್ ಎಂಬ ಕೊಳವೆಯಾಗಲಿ ತಂತುವಾಗಲಿ ಸಿಕ್ಕಿಲ್ಲ. ಆದರೆ ದೂರದ ಚುಚ್ಚುವಿಕೆ ನೋವನ್ನು ತಗ್ಗಿಸಬಲ್ಲದು ಎಂಬುದಕ್ಕೆ ನರವಿಜ್ಞಾನದ ವಿವರಣೆಗಳಿವೆ. ಮೆಲ್ಜಾಕ್ ಮತ್ತು ವಾಲ್ ಎಂಬ ಸಂಶೋಧಕರು 1965ರಲ್ಲಿ, ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯುವ ಬಾಗಿಲಿನಂಥ ವ್ಯವಸ್ಥೆಯಿದೆ ಎಂದು ಪ್ರತಿಪಾದಿಸಿದರು. 1977ರಲ್ಲಿ ಡೇವಿಡ್ ಮೇಯರ್ ಮತ್ತು ಸಂಗಡಿಗರು, ಅಫೀಮಿನ ಬಗೆಯ ಮದ್ದುಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಔಷಧ ಕೊಟ್ಟಾಗ ಅಕ್ಯುಪಂಕ್ಚರಿನ ಶಮನವೂ ಕುಗ್ಗಿತು ಎಂದು ವರದಿ ಮಾಡಿದರು. ದೇಹ ತಾನೇ ತಯಾರಿಸುವ ನೋವುನಿವಾರಕಗಳ ಪಾತ್ರವನ್ನು ಇದು ಸೂಚಿಸಿತು. ಒಂದೆಡೆಯ ನೋವಿನ ಪ್ರಚೋದನೆ ದೂರದ ಇನ್ನೊಂದು ನೋವನ್ನು ಹತ್ತಿಕ್ಕುವ ನರವ್ಯವಸ್ಥೆಯನ್ನು 1979ರಲ್ಲಿ ಫ್ರಾನ್ಸಿನ ಲೆ ಬಾರ್ಸ್ ತಂಡ ವಿವರಿಸಿತು.

ರೋಗಿಗಳ ಮೇಲಿನ ಪರೀಕ್ಷೆಗಳು ಕಲಿಸುವ ಪಾಠ ಸೂಕ್ಷ್ಮವಾದದ್ದು. ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನ 1,162 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಶಾಸ್ತ್ರೋಕ್ತ ಬಿಂದುಗಳಿಗೆ ಸೂಜಿ ಹಾಕಿದವರಲ್ಲಿ 47.6%, ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿದವರಲ್ಲಿ 44.2%, ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ 27.4% ಮಂದಿಗೆ ಗುಣ ಕಂಡಿತು. ಸೂಜಿಯಿಂದ ಉಪಯೋಗವಾಯಿತು, ಆದರೆ ಬಿಂದುವಿನ ನಿಖರತೆ ದೊಡ್ಡ ವ್ಯತ್ಯಾಸ ತರಲಿಲ್ಲ. 39 ಪರೀಕ್ಷೆಗಳ 20,827 ರೋಗಿಗಳ ಮಾಹಿತಿಯನ್ನು ಕೂಡಿಸಿ ನೋಡಿದ 2018ರ ವಿಶ್ಲೇಷಣೆಯಲ್ಲಿ ನೈಜ ಅಕ್ಯುಪಂಕ್ಚರ್ ಹುಸಿ ಚಿಕಿತ್ಸೆಗಿಂತ ಸ್ವಲ್ಪ ಮುಂದಿತ್ತು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಇದನ್ನು ಶಿಫಾರಸಿನಿಂದ ಕೈಬಿಟ್ಟಿತು, 2021ರಲ್ಲಿ ನಿರ್ದಿಷ್ಟ ಕಾರಣ ಕಾಣದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದೆಂದಿತು. ಜೋಡಿಪಥಗಳ ಸಮತೋಲನ ವಿಧಾನವನ್ನೇ ಪ್ರತ್ಯೇಕವಾಗಿ ಒರೆಗೆ ಹಚ್ಚಿದ ದೊಡ್ಡ ಪರೀಕ್ಷೆಗಳು ವಿರಳ.

ಎಚ್ಚರಿಕೆ

ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿಯಂಥ ಸೋಂಕು ಹರಡಬಹುದು. ಮೊಹರು ಒಡೆದು ತೆಗೆದ ಹೊಸ ಸೂಜಿಯನ್ನೇ ಕೇಳಿ ಹಾಕಿಸಿಕೊಳ್ಳುವುದು ರೋಗಿಯ ಹಕ್ಕು. ಎದೆ, ಭುಜದ ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಗುಲಿ ಎದೆಗೂಡಿನೊಳಗೆ ಗಾಳಿ ಸೋರುವ ಅಪಾಯವಿದೆ. ಕೈಕಾಲುಗಳ ಬಿಂದುಗಳನ್ನೇ ನೆಚ್ಚುವ ಸಮತೋಲನ ವಿಧಾನದಲ್ಲಿ ಈ ಅಪಾಯ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮತ್ತು ಗರ್ಭಿಣಿಯರು ಅದನ್ನು ಮೊದಲೇ ಹೇಳಬೇಕು. ಸೊಂಟನೋವಿನ ಜೊತೆ ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೋವು ದೇಹ ಕಳುಹಿಸುವ ಸುದ್ದಿ. ಸುದ್ದಿ ಏನೆಂದು ಓದಿಕೊಂಡ ಮೇಲೆಯೇ ಅದನ್ನು ತಣಿಸುವ ಸೂಜಿಗೆ ಕೈ ಒಡ್ಡುವುದು ಒಳ್ಳೆಯದು.